ಸೂಪರ್‌ನೋವಾ (ನಕ್ಷತ್ರ ಸ್ಫೋಟದ) ಅವಶೇಷಗಳನ್ನು ನೋಡಲು ಯಾವ ದೂರದರ್ಶಕ ಸೂಕ್ತ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ಬಳಿ ಎಂಟು ಇಂಚಿನ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ ದೂರದರ್ಶಕ ಇದೆ. ಬೆಂಗಳೂರಿನ ನಮ್ಮ ಮನೆಯ ತಾರಸಿಯಿಂದ ಏಡಿ ನೀಹಾರಿಕೆ ಮಾಸಿದ ಮಚ್ಚೆಯಂತೆ ಕಾಣುತ್ತದೆ, ವೇಲ್ ನೀಹಾರಿಕೆಯಂತೂ ಕಾಣುವುದೇ ಇಲ್ಲ. ಇನ್ನೂ ದೊಡ್ಡ ದೂರದರ್ಶಕ ಕೊಳ್ಳಬೇಕೇ?

ಉತ್ತರ 1: ಬೇಡ. ಆ ಹಣದ ಒಂದು ಪಾಲಿನಲ್ಲಿ ಒಳ್ಳೆಯ ಓ-ತ್ರೀ ಫಿಲ್ಟರ್ ಕೊಂಡು, ಉಳಿದದ್ದನ್ನು ಊರಾಚೆಯ ಕತ್ತಲಿಗೆ ಹೋಗಿಬರುವ ಪೆಟ್ರೋಲಿಗೆ ಇಟ್ಟುಕೊಳ್ಳಿ. ವೇಲ್ ನೀಹಾರಿಕೆಯಿಂದ ಕಣ್ಣಿಗೆ ತಲುಪುವ ಬೆಳಕಿನ ಬಹುಪಾಲು ಅಯಾನೀಕೃತ ಆಮ್ಲಜನಕದ 495.9 ಮತ್ತು 500.7 ನ್ಯಾನೋಮೀಟರ್ ರೇಖೆಗಳಲ್ಲಿರುವುದರಿಂದ, ಅವೆರಡನ್ನು ಮಾತ್ರ ಬಿಟ್ಟು ಮಿಕ್ಕ ಬೆಳಕನ್ನು ತಡೆಯುವ ಈ ಫಿಲ್ಟರ್ ಹಾಕಿದೊಡನೆ ಹಿನ್ನೆಲೆಯ ಆಕಾಶ ಕಪ್ಪಾಗಿ, ನೀಹಾರಿಕೆಯ ಎಳೆಗಳು ಎದ್ದು ಕಾಣುತ್ತವೆ. ಇಡೀ ಅವಶೇಷ ಸುಮಾರು ಮೂರು ಡಿಗ್ರಿ ಹರಡಿಕೊಂಡಿದೆ, ಅಂದರೆ ಆರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು. ಆದ್ದರಿಂದ ಹೆಚ್ಚಿನ ವರ್ಧನೆ ಇಲ್ಲಿ ಶತ್ರು. 32 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ನಿಮಗೆ 37 ಪಟ್ಟು ಸಿಗುತ್ತದೆ, ಅದು ಸಾಕು. ಮೊದಲು ರಾಜಹಂಸ ನಕ್ಷತ್ರಪುಂಜದ 52 ಸಿಗ್ನಿ ನಕ್ಷತ್ರವನ್ನು ಹಿಡಿಯಿರಿ. ಪಶ್ಚಿಮದ ಎಳೆ ಅದರ ಮೇಲೆಯೇ ಹಾದುಹೋಗುತ್ತದೆ. ಆ ನಕ್ಷತ್ರದ ಪ್ರಭೆ ಕಣ್ಣು ಕುಕ್ಕುವುದರಿಂದ ನನಗೆ ಪೂರ್ವದ ಕಮಾನೇ ಹೆಚ್ಚು ಇಷ್ಟ. ಕತ್ತಲಿಗೆ ಪಳಗಿದ ಕಣ್ಣಿಗೆ ಅದು ತುದಿಯಲ್ಲಿ ಎಳೆಎಳೆಯಾಗಿ ಬಿಚ್ಚಿಕೊಂಡಂತೆ ತೋರುತ್ತದೆ. ಬಣ್ಣವನ್ನು ನಿರೀಕ್ಷಿಸಬೇಡಿ. ನಮ್ಮಲ್ಲಿ ಮಳೆಗಾಲ ಅದರ ಒಳ್ಳೆಯ ತಿಂಗಳುಗಳನ್ನು ನುಂಗಿಬಿಡುತ್ತದೆಯಾದರೂ, ಅಕ್ಟೋಬರ್ ನಡುವಿನಲ್ಲಿ ರಾತ್ರಿ ಏಳೂವರೆಯ ಹೊತ್ತಿಗೆ ಅದು ಇನ್ನೂ ಎತ್ತರದಲ್ಲೇ ಇರುತ್ತದೆ.

ಏಡಿ ನೀಹಾರಿಕೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. 1054ರಲ್ಲಿ ಚೀನಾದವರು ದಾಖಲಿಸಿದ ಆ ಸ್ಫೋಟದ ಅವಶೇಷದ ನಡುವೆ ಸೆಕೆಂಡಿಗೆ ಸುಮಾರು 30 ಸುತ್ತು ಸುತ್ತುವ ಪಲ್ಸಾರ್, ಅಂದರೆ ಸ್ಫೋಟದ ನಂತರ ಉಳಿದ ನಕ್ಷತ್ರದ ದಟ್ಟ ತಿರುಳು, ಇದೆ. ನಮಗೆ ಕಾಣುವ ಮಂಜಿನಂಥ ಹೊಳಪು, ಅದರಿಂದ ಶಕ್ತಿ ಪಡೆದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುವಾಗ ಹೊಮ್ಮುವ ಸಿಂಕ್ರೊಟ್ರಾನ್ ಬೆಳಕು; ಅದು ಎಲ್ಲ ತರಂಗಾಂತರಗಳಲ್ಲೂ ಹರಡಿರುವುದರಿಂದ ಫಿಲ್ಟರ್ ಅದನ್ನೂ ಕತ್ತರಿಸಿಬಿಡುತ್ತದೆ. ಫಿಲ್ಟರ್ ತೆಗೆದು, ನೂರು ಪಟ್ಟಿನ ಸುಮಾರಿಗೆ ಇಟ್ಟು, ಅದನ್ನೇ ನೇರವಾಗಿ ದಿಟ್ಟಿಸದೆ ಓರೆಗಣ್ಣಿನಿಂದ ನೋಡಿ.

ಉತ್ತರ 2: ತಾರಸಿ ಬಿಟ್ಟು ಹೋಗಲಾಗದವರಿಗೆ ತಾನೇ ಚಿತ್ರ ತೆಗೆದು ಪರದೆಯಲ್ಲಿ ತೋರಿಸುವ ಸ್ಮಾರ್ಟ್ ದೂರದರ್ಶಕವೂ ಒಂದು ದಾರಿ. ನನ್ನದು ಸೀಸ್ಟಾರ್ ಎಸ್50. ವ್ಯಾಸ ಕೇವಲ 50 ಮಿ.ಮೀ. ಆದರೂ ಒಳಗೇ ಇರುವ ಎರಡು ಪಟ್ಟಿಯ ಫಿಲ್ಟರ್ ಹಾಕಿ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ, ನಗರದ ಬೆಳಕಿನಲ್ಲೂ ವೇಲ್‌ನ ಕೆಂಪು, ನೀಲಿ ಎಳೆಗಳು ಪರದೆಯ ಮೇಲೆ ಮೂಡುತ್ತವೆ. ಏಡಿ ಅದರಲ್ಲಿ ತೀರಾ ಪುಟ್ಟದಾಗಿ ಬರುತ್ತದೆ. ಕಣ್ಣಾರೆ ನೋಡಿದ ತೃಪ್ತಿ ಇದರಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ಉತ್ತರ 3: ದಕ್ಷಿಣವನ್ನು ಮರೆಯಬೇಡಿ. ದಕ್ಷಿಣದ ವೇಲಾ ನಕ್ಷತ್ರಪುಂಜದಲ್ಲಿರುವ ಅವಶೇಷದ ಭಾಗವಾದ ಪೆನ್ಸಿಲ್ ನೀಹಾರಿಕೆಯನ್ನು 1835ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ಕಂಡದ್ದು ದಕ್ಷಿಣ ಆಫ್ರಿಕಾದಿಂದ. ಬ್ರಿಟನ್ನಿನಲ್ಲಿ ಅದು ಉದಯಿಸುವುದೇ ಇಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ 30 ಡಿಗ್ರಿಗಿಂತ ತುಸು ಮೇಲೇರುತ್ತದೆ. ಮಾರ್ಚ್ ನಡುವಿನಲ್ಲಿ ರಾತ್ರಿ ಒಂಬತ್ತೂವರೆಗೆ ನೇರ ದಕ್ಷಿಣಕ್ಕೆ ತಿರುಗಿಸಿ. ಓ-ತ್ರೀ ಇಲ್ಲಿಯೂ ಬೇಕು.

ಉತ್ತರ 4: ಕ್ಯಾಸಿಯೋಪಿಯಾ ಎ ಎಂಬ ಅವಶೇಷದ ಹಿಂದೆ ಬಿದ್ದು ರಾತ್ರಿ ಕಳೆಯಬೇಡಿ. ರೇಡಿಯೋ ಆಕಾಶದಲ್ಲಿ ಅದು ಅತಿ ಪ್ರಖರ ಆಕರಗಳಲ್ಲೊಂದು, ಚಂದ್ರಾ ಬಾಹ್ಯಾಕಾಶ ದೂರದರ್ಶಕ 1999ರಲ್ಲಿ ಕ್ಷ-ಕಿರಣದಲ್ಲಿ ತೆಗೆದ ಅದರ ಚಿತ್ರವೂ ಪ್ರಸಿದ್ಧ. ಆದರೆ ನಡುವಿನ ಧೂಳು ಗೋಚರ ಬೆಳಕನ್ನು ಹೀರಿಕೊಳ್ಳುವುದರಿಂದ ಎಂಟು ಇಂಚಿನಲ್ಲಿ ಅದು ಸಿಗುವಂಥದ್ದಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಫಿಲ್ಟರ್ ಒಂದೂಕಾಲು ಇಂಚಿನದೋ, ಎರಡು ಇಂಚಿನದೋ?

ಉತ್ತರ 1: ನಿಮ್ಮ 32 ಮಿ.ಮೀ. ಐಪೀಸಿನ ಕೊಳವೆಯ ಅಳತೆಯದ್ದು. ಅದು ಪ್ಲಾಸಲ್ ಮಾದರಿಯದಾಗಿದ್ದರೆ ಒಂದೂಕಾಲು ಇಂಚೇ ಇರುತ್ತದೆ, ಬೆಲೆಯೂ ಕಡಿಮೆ.