ಒಂಬತ್ತು ವರ್ಷ ಮಸ್ಕತ್ತಿನಲ್ಲಿ ಪಾಠ ಮಾಡಿದವಳು ಏನನ್ನು ಬರೆಯಬಹುದು?

ಪ್ರಶ್ನೆ: ಚಿಕ್ಕಮಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಮನೆಯ ಮಗಳು. ಒಮಾನಿನ ರಾಜಧಾನಿ ಮಸ್ಕತ್ತಿನ ಒಂದು ಕಾಲೇಜಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿ, ಕಳೆದ ವರ್ಷ ಊರಿಗೆ ಮರಳಿದ್ದೇನೆ. ರಜೆಯಲ್ಲಿ ಟರ್ಕಿಗೆ ಎರಡು ಬಾರಿ, ಉಜ್ಬೇಕಿಸ್ತಾನಕ್ಕೆ ಒಂದು ಬಾರಿ ಹೋಗಿಬಂದೆ. ಇಲ್ಲಿನ ಓದುಗರ ಬಳಗವೊಂದು ‘ಮುಸ್ಲಿಂ ಸಮಾಜಗಳಲ್ಲಿ ನನ್ನ ಪ್ರವಾಸ’ ಎಂಬ ಹೆಸರಿನಲ್ಲಿ ಲೇಖನಮಾಲೆ ಬರೆದುಕೊಡಬೇಕೆಂದು ಕೇಳಿದೆ. ಬರೆಯಲು ಕುಳಿತಾಗಲೆಲ್ಲ ಆ ಶೀರ್ಷಿಕೆಯೇ ಕೈಯನ್ನು ಕಟ್ಟಿಹಾಕುತ್ತಿದೆ.

ನನ್ನ ನೆನಪಿನಲ್ಲಿ ಉಳಿದಿರುವುದು ಇಂತಹ ಸಂಗತಿಗಳು. ಮೊದಲ ದಿನ ಹೆಸರು ಕರೆದಾಗ ಹುಡುಗರು ‘ಹಾದಿರ್’ ಎಂದರು, ಹುಡುಗಿಯರು ‘ಹಾದಿರಾ’ ಎಂದರು. ನಮ್ಮ ಶಾಲೆಯ ಹಾಜರಿ ಪುಸ್ತಕಕ್ಕೆ ಹೆಸರು ಬಂದದ್ದು ಇದೇ ಅರಬ್ಬಿ ಪದದಿಂದ ಎಂಬುದು ಅಂದು ಹೊಳೆಯಿತು. ಅರ್ಜಿ, ವಕೀಲ, ವಸೂಲಿ, ಬಾಕಿ ಎಂದು ತಾಲ್ಲೂಕು ಕಚೇರಿಯಲ್ಲಿ ನಾವು ದಿನವೂ ಆಡುವ ಮಾತುಗಳನ್ನು ಆಮೇಲೆ ಒಂದೊಂದಾಗಿ ಅಲ್ಲಿ ಕೇಳಿಸಿಕೊಂಡೆ. ಅದೇ ತರಗತಿಯಲ್ಲಿ ಸುನ್ನಿ, ಶಿಯಾ ಮನೆಗಳ ಮಕ್ಕಳಿದ್ದರು, ಈ ಎರಡಕ್ಕೂ ಸೇರದ ಇಬಾದಿ ಎಂಬ ಮುಸ್ಲಿಂ ಪಂಥದ ಮನೆಗಳ ಮಕ್ಕಳೂ ಇದ್ದರು. ಮನೆಯಲ್ಲಿ ಬಲೂಚಿ ಆಡುವವರಿದ್ದರು. 1964ರ ಕ್ರಾಂತಿಯ ತರುವಾಯ ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪ ಬಿಟ್ಟುಬಂದ ಕುಟುಂಬಗಳ, ಅಜ್ಜಿಯೊಡನೆ ಸ್ವಾಹಿಲಿಯಲ್ಲಿ ಮಾತನಾಡುವ ಹುಡುಗಿಯರಿದ್ದರು.

ಯೆಮನ್ನಿನ ಸಹೋದ್ಯೋಗಿಯೊಬ್ಬರು ಒಮ್ಮೆ ಮನೆಗೆ ಕರೆದು ಕಿಶ್ರ್ ಕೊಟ್ಟರು. ಕಾಫಿ ಹಣ್ಣಿನ ಒಣಗಿದ ಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿದ ಕಷಾಯ ಅದು. ಬಾಬಾ ಬುಡನ್ ಯೆಮನ್ನಿನ ಮೋಖಾದಿಂದ ಏಳು ಬೀಜ ತಂದರೆಂಬ ಐತಿಹ್ಯವನ್ನು ಕೇಳಿ ಬೆಳೆದ ನಾನು, ಆ ನಾಡಿನವರು ಆದರದಿಂದ ಕುಡಿಯುವ ಸಿಪ್ಪೆಯನ್ನು ನಮ್ಮ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ನಿಂದ ನೇರವಾಗಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ ಎಂದಾಗ, ಅವರ ತಾಯಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

ಇಸ್ತಾಂಬುಲಿನ ಎಯುಪ್ ಸ್ಮಶಾನದಲ್ಲಿ ನಡೆದದ್ದು ಇದಕ್ಕಿಂತ ಆಳವಾಗಿ ಉಳಿದಿದೆ. ಜೊತೆಗಿದ್ದ ಟರ್ಕಿಯ ಅಧ್ಯಾಪಕಿ ತಮ್ಮ ಮುತ್ತಜ್ಜನ ಸಮಾಧಿಯ ಕಲ್ಲನ್ನು ತೋರಿಸಿ, ಓದಲು ಬರುತ್ತದೆಯೇ ಎಂದು ನನ್ನನ್ನು ಕೇಳಿದರು. 1928ರಲ್ಲಿ ಅಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂದದ್ದರಿಂದ, ಸ್ವಂತ ಮನೆಯ ಹಿರಿಯರ ಕಲ್ಲನ್ನು ಅವರು ಓದಲಾರರು. ಮಸ್ಕತ್ತಿನಲ್ಲಿ ಅಂಗಡಿಗಳ ಹಲಗೆ ಓದುವುದಕ್ಕೆಂದು ಅಕ್ಷರ ಕಲಿತಿದ್ದ ನಾನು ಮೇಲಿನ ಸಾಲನ್ನು ಕೂಡಿಸಿ ಓದಿದೆ: ‘ಹುವಲ್ ಬಾಕಿ’, ಉಳಿಯುವವನು ಅವನೊಬ್ಬನೇ. ನಮ್ಮ ಲೆಕ್ಕದ ಪುಸ್ತಕದ ಬಾಕಿಯೇ ಅಲ್ಲಿ ದೇವರ ಹೆಸರಾಗಿ ಕಲ್ಲಿನ ಮೇಲೆ ಇತ್ತು. ಅವರು ಅತ್ತರು, ನನಗೂ ಕಣ್ಣು ತುಂಬಿ ಬಂತು.

ನನ್ನ ಪ್ರಶ್ನೆ ಎರಡು. ಇವನ್ನೆಲ್ಲ ‘ಮುಸ್ಲಿಂ ಸಮಾಜ’ ಎಂಬ ಒಂದು ಹೆಸರಿನಡಿ ತರುವುದು ಸರಿಯೇ? ಎರಡನೆಯದು ಹೆಚ್ಚು ಕಾಡುವಂಥದ್ದು: ಆ ಒಂಬತ್ತು ವರ್ಷಗಳ ಬಹುಪಾಲು ನಾನು ಕಳೆದದ್ದು ಕಾಲೇಜಿನ ವಸತಿಗೃಹದಲ್ಲಿ, ನನ್ನಂತೆಯೇ ಹೊರದೇಶಗಳಿಂದ ಬಂದವರ ನಡುವೆ. ಒಮಾನಿಗಳ ಮನೆಯೊಳಗೆ ಕುಳಿತು ಊಟ ಮಾಡಿದ್ದು ಹತ್ತು ಹನ್ನೆರಡು ಬಾರಿ ಇರಬಹುದು. ಇಷ್ಟರಿಂದ ಒಂದು ಸಮಾಜವನ್ನು ಬಲ್ಲೆ ಎಂದು ಬರೆಯುವ ಅಧಿಕಾರ ನನಗಿದೆಯೇ?

ಉತ್ತರ: ಹಾಸನದಿಂದ, ಇತಿಹಾಸದ ನಿವೃತ್ತ ಅಧ್ಯಾಪಕ

ಮೇಡಂ ಅವರಿಗೆ ನಮಸ್ಕಾರ. ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸುಮಾರು ಏಳುನೂರು ವರ್ಷಗಳ ಹಿಂದಿನ ಒಂದು ದೊಡ್ಡ ನಿದರ್ಶನವಿದೆ. ಮೊರೊಕ್ಕೊದ ಟ್ಯಾಂಜಿಯರಿನಿಂದ 1325ರಲ್ಲಿ ಹೊರಟ ಇಬ್ನ್ ಬತೂತನನ್ನು ನಾವು ಪ್ರವಾಸಿ ಎಂದು ಮಾತ್ರ ಓದುತ್ತೇವೆ. ಅವನು ಓದು ಮತ್ತು ಕಾನೂನಿನ ತಿಳಿವಳಿಕೆಯ ಬಲದಿಂದ ಹೊರನಾಡಿನಲ್ಲಿ ನೌಕರಿ ಹಿಡಿದ ವಿದ್ವಾಂಸನೂ ಹೌದು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕೈಕೆಳಗೆ ಖಾಜಿ, ಅಂದರೆ ನ್ಯಾಯಾಧೀಶ, ಆಗಿದ್ದ, ಮುಂದೆ ಮಾಲ್ಡೀವ್ಸಿನಲ್ಲಿಯೂ ಖಾಜಿಯಾದ. ಹೋದ ಕಡೆಯೆಲ್ಲ ಜನ ತನ್ನ ಧರ್ಮದವರೇ ಆಗಿದ್ದರೂ ಮತ್ತೆ ಮತ್ತೆ ಬೆರಗಾಗುತ್ತಾನೆ, ಕೆಲವೊಮ್ಮೆ ಸಿಟ್ಟಾಗುತ್ತಾನೆ. ಮಾಲ್ಡೀವ್ಸಿನ ಹೆಂಗಸರು ಸೊಂಟದಿಂದ ಮೇಲೆ ಬಟ್ಟೆ ತೊಡದಿರುವುದನ್ನು ಬದಲಿಸಲು ಖಾಜಿಯ ಅಧಿಕಾರವನ್ನೆಲ್ಲ ಬಳಸಿ ನೋಡಿದ; ತನ್ನ ನ್ಯಾಯಸ್ಥಾನದೊಳಗೆ ಬರುವವರ ಮಟ್ಟಿಗೆ ಆಯಿತೇ ಹೊರತು ಬೀದಿಯಲ್ಲಿ ಆಗಲಿಲ್ಲ. ಪಶ್ಚಿಮ ಆಫ್ರಿಕದ ವಲಾತ ಪಟ್ಟಣದಲ್ಲಿ ಮುಸ್ಲಿಮರ ಆಸ್ತಿ ಮಗನಿಗೆ ಹೋಗದೆ ಸೋದರಿಯ ಮಗನಿಗೆ ಹೋಗುವುದನ್ನು ಕಂಡು, ಇಂತಹದನ್ನು ಮಲಬಾರಿನ ಅನ್ಯಧರ್ಮೀಯರಲ್ಲಿ ಮಾತ್ರ ನೋಡಿದ್ದೆ ಎಂದು ಹೇಳುತ್ತಾನೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ದೊಡ್ಡ ವಿದ್ವಾಂಸನಿಗೆ ಅರಗಿಸಿಕೊಳ್ಳಲು ಕಷ್ಟವಾಯಿತು.

ನಮ್ಮ ಹೊನ್ನಾವರಕ್ಕೂ ಅವನು ಬಂದಿದ್ದ. ಅಲ್ಲಿ ಹುಡುಗರಿಗೆ ಇಪ್ಪತ್ತಮೂರು, ಹುಡುಗಿಯರಿಗೆ ಹದಿಮೂರು ಪಾಠಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ ದಾಖಲಿಸಿದ್ದಾನೆ. ನಾನು ಹಾಸನದಲ್ಲಿ ಪಾಠ ಮಾಡುವಾಗ ಪ್ರತಿ ವರ್ಷವೂ ಈ ಭಾಗವನ್ನು ಓದಿ ಹೇಳುತ್ತಿದ್ದೆ, ಪ್ರತಿ ವರ್ಷವೂ ಯಾರಾದರೊಬ್ಬರು ನಂಬಲು ನಿರಾಕರಿಸುತ್ತಿದ್ದರು. ಅವನು ಹೊನ್ನಾವರದ ಸಮಾಜವನ್ನು ಪೂರ್ತಿ ಬಲ್ಲೆ ಎಂದು ಎಲ್ಲಿಯೂ ಹೇಳುವುದಿಲ್ಲ. ಎಣಿಸಿದ್ದನ್ನು ಎಣಿಸಿದೆ ಎನ್ನುತ್ತಾನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತಾನೆ, ತನಗೆ ಹಿಡಿಸದಿದ್ದನ್ನು ಹಿಡಿಸಲಿಲ್ಲ ಎನ್ನುತ್ತಾನೆ. ತಾವು ವಸತಿಗೃಹದಲ್ಲಿದ್ದಿರಿ ಎಂಬುದನ್ನು ಮೊದಲ ಲೇಖನದಲ್ಲಿಯೇ ಬರೆದುಬಿಡಿ. ಹತ್ತು ಊಟಗಳಾದರೆ ಹತ್ತು ಊಟಗಳೆಂದೇ ಬರೆಯಿರಿ.

ಶೀರ್ಷಿಕೆಯ ಬಗ್ಗೆ ಒಂದೇ ಮಾತು. ಒಮಾನಿನ ಅಧ್ಯಾಪಕರೊಬ್ಬರು ಬೇಲೂರಿಗೆ ಬಂದು, ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನಿನ ಸಾಲುಗಳನ್ನು ಪಠಿಸುವ ಪದ್ಧತಿಯನ್ನು ಕಂಡು, ‘ಹಿಂದೂ ಸಮಾಜದಲ್ಲಿ ತೇರಿಗೆ ಮುಂಚೆ ಹೀಗೆ ಮಾಡುತ್ತಾರೆ’ ಎಂದು ಅರಬ್ಬಿಯಲ್ಲಿ ಬರೆದರೆ, ಬೇಲೂರಿನ ಮಟ್ಟಿಗೆ ನಿಜವಾದದ್ದನ್ನು ಅವರು ಇಡೀ ದೇಶಕ್ಕೆ ಹಚ್ಚಿದಂತಾಗುವುದಿಲ್ಲವೇ? ಮಸ್ಕತ್ತನ್ನು ಮಸ್ಕತ್ತೆಂದೇ ಕರೆಯಿರಿ.

ಉತ್ತರ: ಸಕಲೇಶಪುರದಿಂದ

ನಾನು ಇಂಡೊನೇಷ್ಯದ ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ಎರಡು ವರ್ಷ ಗಣಿತ ಕಲಿಸಿದವನು. ಹಿಂದಿನವರ ಮಾತನ್ನು ಒಪ್ಪುತ್ತಲೇ ಸ್ವಲ್ಪ ಭಿನ್ನವಾಗಿ ಹೇಳಬೇಕೆನಿಸುತ್ತದೆ. ಜಾವಾದಲ್ಲಿ ರಾತ್ರಿಯಿಡೀ ನಡೆಯುವ ತೊಗಲುಗೊಂಬೆಯಾಟ, ವಾಯಾಂಗ್, ನೋಡಲು ಮೊದಲ ಬಾರಿ ಹೋದಾಗ, ನಮ್ಮ ಕಡೆಯ ಕಿಳ್ಳೇಕ್ಯಾತರ ಆಟವನ್ನು ಬಾಲ್ಯದಲ್ಲಿ ನೋಡಿದ್ದ ನನಗೆ ಎಲ್ಲವೂ ಪರಿಚಿತವೆಂದೇ ತೋರಿತು. ಗೊಂಬೆ ಆಡಿಸುವವರು ನಮಾಜು ಮುಗಿಸಿ ಬಂದು ಪರದೆಯ ಹಿಂದೆ ಕುಳಿತರು, ಪಾಂಡವರ ಕಥೆ ನಡೆಸಿದರು. ಧರ್ಮರಾಯನ ಬಳಿ ‘ಕಾಲಿಮಸಾದ’ ಎಂಬ ಪವಿತ್ರ ರಕ್ಷೆ ಇದೆಯೆಂದು ಕಥೆಯಲ್ಲಿ ಬಂತು. ಅದು ಇಸ್ಲಾಮಿನ ನಂಬಿಕೆಯನ್ನು ಸಾರುವ ವಾಕ್ಯವಾದ ‘ಕಲಿಮಾ ಶಹಾದಾ’ವೇ ಎಂದು ಜಾವಾದ ಅನೇಕರು ಹೇಳುತ್ತಾರೆ ಎಂಬುದನ್ನು ಪಕ್ಕದಲ್ಲಿದ್ದ ವಿದ್ಯಾರ್ಥಿ ವಿವರಿಸಿದ. ಅಲ್ಲಿಗೆ ನನ್ನ ಪರಿಚಯದ ಭಾವ ನಿಂತುಹೋಯಿತು. ಆ ಧರ್ಮರಾಯ ನಮ್ಮವನೂ ಹೌದು, ಸಂಪೂರ್ಣವಾಗಿ ಅವರವನೂ ಹೌದು.

ಆದ್ದರಿಂದ ಶೀರ್ಷಿಕೆಯಿಂದ ‘ಮುಸ್ಲಿಂ’ ಎಂಬ ಪದವನ್ನು ತೆಗೆಯಬೇಡಿ ಎಂಬುದು ನನ್ನ ಅಭಿಪ್ರಾಯ. ತೆಗೆದರೆ ಓದುಗರು ಗೊಂಬೆಯಾಟವನ್ನು ‘ಅಲ್ಲಿ ಉಳಿದ ನಮ್ಮ ಸಂಸ್ಕೃತಿ’ ಎಂದು ಎತ್ತಿಟ್ಟುಕೊಂಡು, ಅದನ್ನು ಇಂದು ಆಡಿಸುತ್ತಿರುವವರನ್ನು ಮರೆತುಬಿಡುತ್ತಾರೆ. ಊರಿಗೆ ಮರಳಿದ ಮೇಲೆ ನನಗೆ ಇದೇ ಆಯಿತು. ಪ್ರಂಬನನ್ ದೇವಾಲಯದ ಎದುರು ನಡೆಯುವ ರಾಮಾಯಣ ನೃತ್ಯದ ಚಿತ್ರಗಳನ್ನು ತೋರಿಸಿದಾಗ, ಕುಣಿಯುತ್ತಿರುವವರಲ್ಲಿ ಹೆಚ್ಚಿನವರು ಮುಸ್ಲಿಮರೆಂಬ ಮಾತು ಕೇಳಿ ಕೆಲವರು ವಿಷಯ ಬದಲಿಸಿದರು.

ಉತ್ತರ: ಚಿಕ್ಕಮಗಳೂರಿನಿಂದ

ಅಕ್ಕ, ನಾನು ಇದೇ ಊರಿನ ಮುಸ್ಲಿಂ ಹೆಣ್ಣುಮಗಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಅಣ್ಣ ಹನ್ನೊಂದು ವರ್ಷ ಒಮಾನಿನಲ್ಲಿ ಲಾರಿ ಓಡಿಸಿದ್ದಾನೆ, ಮೊದಲು ನಿಜ್ವಾದಲ್ಲಿ, ಆಮೇಲೆ ಸಲಾಲಾದಲ್ಲಿ. ಅಲ್ಲಿನವರು ನಮ್ಮವರೇ ಎಂದುಕೊಂಡು ಹೋದವನು. ನಿಜ್ವಾದ ಮಸೀದಿಯಲ್ಲಿ ಮೊದಲ ದಿನ ಅಕ್ಕಪಕ್ಕದವರೆಲ್ಲ ಕೈ ಇಳಿಬಿಟ್ಟು ನಮಾಜಿಗೆ ನಿಂತರಂತೆ, ಇವನೊಬ್ಬನೇ ಕೈ ಕಟ್ಟಿ ನಿಂತಿದ್ದನಂತೆ. ಅವರು ಇಬಾದಿಗಳೆಂಬುದು ಅವನಿಗೆ ಗೊತ್ತಿರಲಿಲ್ಲ. ಯಾರೂ ತಿರುಗಿ ನೋಡಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ ಎಂದು ಇಂದಿಗೂ ಹೇಳುತ್ತಾನೆ. ಅಲ್ಲಿ ಅವನೂ ನಿಮ್ಮಂತೆ ಪರದೇಶಿಯೇ.

ಆದರೆ ಅವನು ಕಂಡ ಒಮಾನ್ ಬೇರೆ. 2021ರ ಜನವರಿಗೆ ಮುಂಚೆ, ಇದ್ದ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಅಲ್ಲಿ ಇನ್ನೊಂದು ಕೆಲಸಕ್ಕೆ ಸೇರುವಂತಿರಲಿಲ್ಲ. ಆ ಪತ್ರಕ್ಕಾಗಿ ಅವನು ಎರಡು ವರ್ಷ ಕಾದಿದ್ದಾನೆ. ನಮ್ಮ ತಂದೆ ತೀರಿಕೊಂಡದ್ದು ಆ ಎರಡು ವರ್ಷಗಳಲ್ಲಿಯೇ. ರಂಜಾನಿನಲ್ಲಿ ಮಸೀದಿಯ ಅಂಗಳದಲ್ಲಿ ಚಾಪೆ ಹಾಸಿ, ಯಾರು ಯಾವ ದೇಶದವರು ಎಂದು ಕೇಳದೆ ಖರ್ಜೂರ, ಅನ್ನ, ಮಾಂಸ ಬಡಿಸಿದ್ದೂ ಅದೇ ಊರು. ನಿಮ್ಮ ಲೇಖನಮಾಲೆಯಲ್ಲಿ ಕಾಲೇಜಿನ ಬಾಗಿಲಿನಿಂದ ಕಂಡದ್ದು ಮಾತ್ರ ಇದ್ದರೆ, ಈ ಜಿಲ್ಲೆಯಿಂದ ಕೊಲ್ಲಿಗೆ ಹೋಗಿ ದುಡಿದವರ ಮನೆಗಳಲ್ಲಿ ಅದನ್ನು ಓದುವಾಗ ನಾವು ನಮ್ಮವರನ್ನು ಹುಡುಕುತ್ತೇವೆ, ಸಿಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹಾಸನದ ಗುರುಗಳ ಮಾತಿನಂತೆ ವಸತಿಗೃಹದ ವಿಷಯವನ್ನು ಮೊದಲೇ ಬರೆಯುತ್ತೇನೆ. ಸಕಲೇಶಪುರದವರ ಮಾತನ್ನು ಇನ್ನೂ ಯೋಚಿಸುತ್ತಿದ್ದೇನೆ. ಉಜ್ಬೇಕಿಸ್ತಾನದಲ್ಲಿ ನನಗೂ ಇಂತಹ ಅನುಭವವಾಗಿತ್ತು, ಊಟ ಮುಗಿದಾಗ ಹಿರಿಯರು ಎರಡೂ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು ಆಮೀನ್ ಎಂದದ್ದನ್ನು ನಾನು ಧರ್ಮವೆಂದು ಬರೆಯಲೋ ಊಟದ ಮರ್ಯಾದೆಯೆಂದು ಬರೆಯಲೋ ತಿಳಿಯದೆ ಹಾಗೆಯೇ ಬಿಟ್ಟಿದ್ದೆ.

ತಂಗಿ, ನಿಮ್ಮ ಉತ್ತರವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಕಾಲೇಜಿನ ಬಸ್ಸಿನ ಚಾಲಕರ ಊರು ಯಾವುದೆಂದು ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಿಮ್ಮ ಅಣ್ಣನವರು ಮಾತನಾಡಲು ಒಪ್ಪುವರೇ? ಅವರ ಹೆಸರನ್ನು ಹಾಕುವುದಿಲ್ಲ, ಬರೆದದ್ದನ್ನು ಅವರಿಗೆ ಓದಿ ಹೇಳದೆ ಪ್ರಕಟಣೆಗೆ ಕೊಡುವುದಿಲ್ಲ.

ಉತ್ತರ: ಚಿಕ್ಕಮಗಳೂರಿನಿಂದ

ಕೇಳಿದೆ ಅಕ್ಕ, ಒಪ್ಪಿದ್ದಾನೆ. ಭಾನುವಾರ ಸಂಜೆ ಮನೆಯಲ್ಲಿರುತ್ತಾನೆ, ವಿಳಾಸವನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸುತ್ತೇನೆ. ಕಿಶ್ರ್ ಮಾಡುವ ಬಗೆಯನ್ನು ಅಮ್ಮ ಕೇಳುತ್ತಿದ್ದಾರೆ. ತೋಟದಲ್ಲಿ ಒಣಗಿದ ಸಿಪ್ಪೆ ಇದ್ದರೆ ಬರುವಾಗ ಒಂದು ಹಿಡಿ ತನ್ನಿ.