ಫೈಲಿನಿಂದ ಓದಿದ ಹೆಸರುಗಳು ಹೊಂದುತ್ತಿಲ್ಲ, ಜಾವಾ ಬಲ್ಲವರು ಹೇಳಿ

ಉಪ್ಪಳದವಳು:
ಎಲ್ಲರಿಗೂ ನಮಸ್ಕಾರ. ಬಿಸಿಎ ಎರಡನೆಯ ವರ್ಷದಲ್ಲಿದ್ದೇನೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನ ನಿಲ್ದಾಣಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಕನ್ನಡದಲ್ಲೇ ಬರೆದಿದ್ದೇನೆ: ಕಾಸರಗೋಡು, ಮೊಗ್ರಾಲ್, ಕುಂಬಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ, ಮಂಜೇಶ್ವರ, ತಲಪಾಡಿ, ತೊಕ್ಕೊಟ್ಟು. ಜಾವಾ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಂ ಇದನ್ನು ಫೈಲ್‌ರೀಡರ್ ಮೂಲಕ ಓದಿ, ಕೋಡಿನಲ್ಲಿ ನಾನು ಕೊಟ್ಟ ಹೆಸರಿನ ಜೊತೆ ಎರಡು ಸಮ ಚಿಹ್ನೆ ಹಾಕಿ ಹೋಲಿಸುತ್ತದೆ. ಒಂದು ಹೆಸರೂ ಹೊಂದುತ್ತಿಲ್ಲ. ಮನೆಯಲ್ಲಿರುವುದು ಜಾವಾ 21, ಮಂಗಳೂರಿನಲ್ಲಿ ನಮ್ಮ ಕಾಲೇಜಿನ ಲ್ಯಾಬಿನಲ್ಲಿರುವುದು ಜಾವಾ 8. ಫೈಲನ್ನು ಲ್ಯಾಬಿನ ನೋಟ್‌ಪ್ಯಾಡಿನಲ್ಲೇ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ) ಎಂದು ಆರಿಸಿ ಉಳಿಸಿದ್ದೆ.

ಅನಂತಪುರದ ಮೊಸಳೆ:
ಎರಡು ಸಮ ಚಿಹ್ನೆ ಹಾಕಿದರೆ ಜಾವಾ ಅಕ್ಷರಗಳನ್ನು ನೋಡುವುದೇ ಇಲ್ಲ. ಎರಡೂ ಕಡೆ ಇರುವುದು ಒಂದೇ ಆಬ್ಜೆಕ್ಟ್ ಹೌದೇ ಎಂದಷ್ಟೇ ನೋಡುತ್ತದೆ. ಅಕ್ಷರಗಳನ್ನೇ ಹೋಲಿಸುವ ಈಕ್ವಲ್ಸ್ ಬಳಸಿ. ಕೋಡಿನಲ್ಲೇ ಬರೆದ ಎರಡು ಒಂದೇ ಥರದ ಸ್ಟ್ರಿಂಗ್‌ಗಳನ್ನು ಹೋಲಿಸಿದರೆ ಸರಿ ಎಂದೇ ಬರುತ್ತದೆ, ಏಕೆಂದರೆ ಅವಕ್ಕೆ ಜಾವಾ ಒಂದೇ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಫೈಲಿನಿಂದ ಓದಿದ್ದಕ್ಕೆ ಆ ಭಾಗ್ಯವಿಲ್ಲ. ಇಂಟಿಜರ್ ಆಬ್ಜೆಕ್ಟ್‌ಗಳದ್ದೂ ಇದೇ ಕಥೆ: -128ರಿಂದ 127ರವರೆಗೆ ಸರಿ ಎನ್ನುತ್ತದೆ, 128 ಬಂದ ಕೂಡಲೇ ಕೈಕೊಡುತ್ತದೆ.

ಉಪ್ಪಳದವಳು:
ಧನ್ಯವಾದ. ಈಕ್ವಲ್ಸ್ ಹಾಕಿದ ಮೇಲೆ ಮನೆಯಲ್ಲಿ ಎಲ್ಲವೂ ಹೊಂದಿದವು, ಕಾಸರಗೋಡು ಒಂದನ್ನು ಬಿಟ್ಟು. ತುದಿಗಳ ಖಾಲಿ ಜಾಗ ತೆಗೆಯುವ ಟ್ರಿಮ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಆ ಸಾಲಿನ ಲೆಂತ್ (ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿದ ಉದ್ದ) 9 ಎಂದು ಬರುತ್ತಿದೆ. ಕೋಡಿನಲ್ಲಿರುವ ಕಾಸರಗೋಡಿನ ಲೆಂತ್ 8. ಅದೇ ಫೈಲನ್ನು ಲ್ಯಾಬಿನಲ್ಲಿ ಓದಿಸಿದರೆ ಅದೇ ಸಾಲಿಗೆ 27!

ಚಂದ್ರಗಿರಿ ತೀರ:
27 ಎಂದ ಮೇಲೆ ಇನ್ನೇನು ಹೇಳುವುದು! ಜಾವಾ 8 ಬಂದದ್ದು 2014ರ ಮಾರ್ಚಿನಲ್ಲಿ. ವಿಂಡೋಸಿನಲ್ಲಿ ಅದು ಯುಟಿಎಫ್-8 ಎಂದು ತಾನಾಗಿ ಓದುವುದಿಲ್ಲ. ಯಂತ್ರದ ಕೋಡ್ ಪೇಜ್ (ಬೈಟನ್ನು ಅಕ್ಷರವಾಗಿ ಓದುವ ಪಟ್ಟಿ) 1252 ಇದ್ದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತಿಳಿಯುತ್ತದೆ. ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ಅಕ್ಷರಕ್ಕೋ ಚಿಹ್ನೆಗೋ ಇರುವ ಸಂಖ್ಯೆಗೆ) ಯುಟಿಎಫ್-8ರಲ್ಲಿ ಮೂರು ಬೈಟ್, ಒಂಬತ್ತು ಮೂರಲೇ ಇಪ್ಪತ್ತೇಳು. 2022ರಲ್ಲಿ ಬಂದ ಜಾವಾ 18ರಿಂದ ಎಲ್ಲ ಕಡೆ ಯುಟಿಎಫ್-8 ಎಂದೇ ಮಾಡಿದ್ದಾರೆ. ಕಾಲೇಜಿನವರಿಗೆ ಹೇಳಿ, ಆ 8ನ್ನು ಮೊದಲು ಕಿತ್ತುಹಾಕಲಿ.

ಬದಿಯಡ್ಕದ ಮಾಷ್ಟ್ರು:
"ಕಿತ್ತುಹಾಕಲಿ" ಎನ್ನುವುದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ. ಲ್ಯಾಬಿನಲ್ಲಿ ಎಂತಹ ಯಂತ್ರಗಳಿವೆ ಎಂದು ಒಮ್ಮೆಯಾದರೂ ಕೇಳಿದಿರಾ? ವಿಂಡೋಸ್ 7ರ ಮೇಲೆ ಜಾವಾ 21ಕ್ಕೆ ಬೆಂಬಲ ಇದೆ ಎಂದು ತೋರಿಸಿ, ಆಮೇಲೆ ಮಾತನಾಡೋಣ. ಇನ್ನು ಜಾವಾ 8ರಲ್ಲೇ ಫೈಲ್ಸ್ ಕ್ಲಾಸಿನ ನ್ಯೂಬಫರ್ಡ್‌ರೀಡರ್ ಇದೆ, ಅದಕ್ಕೆ ಫೈಲಿನ ಪಾಥ್ ಒಂದನ್ನೇ ಕೊಟ್ಟರೂ ಯುಟಿಎಫ್-8 ಎಂದೇ ಓದುತ್ತದೆ. ಫೈಲ್‌ರೀಡರ್ ಹಿಡಿದುಕೊಂಡವರ ತಪ್ಪನ್ನು ಆವೃತ್ತಿಯ ತಲೆಗೆ ಕಟ್ಟಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಉಪ್ಪಳದವಳು:
ಮಾಷ್ಟ್ರೇ, ಅದನ್ನೂ ಮಾಡಿ ನೋಡುತ್ತೇನೆ. ಆದರೆ ಮನೆಯ 21ರಲ್ಲೂ 8ರ ಬದಲು 9 ಬರುತ್ತಿದೆಯಲ್ಲ?

ಚಂದ್ರಗಿರಿ ತೀರ:
ಬೆಂಬಲದ ಮಾತನ್ನು ನೀವೇ ಎತ್ತಿದಿರಿ. ವಿಂಡೋಸ್ 7ಕ್ಕೆ ಅದನ್ನು ತಯಾರಿಸಿದವರೇ 2020ರ ಜನವರಿಯಲ್ಲಿ ಕೈ ಎತ್ತಿದ್ದಾರೆ. ಜಾವಾ ಹೊರತರುವ ಒರಾಕಲ್ ಕಂಪನಿಯ ಜಾವಾ 8ಕ್ಕೆ ವಾಣಿಜ್ಯ ಬಳಕೆಗೆ ಉಚಿತ ಅಪ್‌ಡೇಟ್ ನಿಂತದ್ದು 2019ರ ಜನವರಿಯಲ್ಲಿ. ಸತ್ತ ಯಂತ್ರದ ಮೇಲೆ ಸಾಯುತ್ತಿರುವ ಜಾವಾ ಕೂರಿಸಿ ಪಾಠ ಮಾಡುತ್ತಿದ್ದೀರಿ.

ಬದಿಯಡ್ಕದ ಮಾಷ್ಟ್ರು:
"ಸಾಯುತ್ತಿರುವ" ಜಾವಾ! ಒರಾಕಲಿನವರದೇ ವೇಳಾಪಟ್ಟಿ ತೆರೆದು ನೋಡಿ ಮಾರಾಯರೇ. ಜಾವಾ 8ರ ವಿಸ್ತರಿತ ಬೆಂಬಲ 2030ರ ಡಿಸೆಂಬರಿನವರೆಗೆ. ನಿಮ್ಮ ಜಾವಾ 17ರದ್ದು 2029ರ ಸೆಪ್ಟೆಂಬರಿಗೇ ಮುಗಿಯುತ್ತದೆ. ಅಜ್ಜನಿಗಿಂತ ಮೊದಲು ಮೊಮ್ಮಗ ಹೊರಟು ನಿಂತಿದ್ದಾನೆ.

ಚಂದ್ರಗಿರಿ ತೀರ:
ಆ ಬೆಂಬಲ ಹಣ ಕೊಟ್ಟವರಿಗೆ. ನಿಮ್ಮ ಲ್ಯಾಬಿನವರು ಕೊಡುತ್ತಿದ್ದಾರೆಯೇ? ಮತ್ತೆ, ನಾನು ಹೇಳಿದ್ದು 21ರ ಬಗ್ಗೆ. 17 ಎಲ್ಲಿಂದ ಬಂತು?

ಪೈವಳಿಕೆ:
ಇಬ್ಬರೂ ಸ್ವಲ್ಪ ಸುಮ್ಮನಿರುತ್ತೀರಾ. ಆ ತಂಗಿ ಒಂಬತ್ತು ಎನ್ನುತ್ತಿದ್ದಾರೆ, ಯಾರಿಗೂ ಕಿವಿ ಇಲ್ಲ. ಇದು ಯೂನಿಕೋಡಿನ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ವ್ಯವಸ್ಥೆಯ ಸಮಸ್ಯೆ. "ಗೋ"ದಲ್ಲಿರುವ ಓತ್ವ ಒಂದೇ ಕೋಡ್ ಪಾಯಿಂಟ್ ಆಗಿ ಬರಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಈಕ್ವಲ್ಸ್‌ಗೆ ಬೇರೆ ಬೇರೆ. ಎರಡಾದರೆ ಎಂಟು ಒಂಬತ್ತಾಯಿತು, ಲೆಕ್ಕ ಸರಿಯಾಯಿತು. ನಾರ್ಮಲೈಜರ್ ಕ್ಲಾಸ್ ಬಳಸಿ ಎರಡೂ ಕಡೆಯನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು ಹೋಲಿಸಿ. ಜಾವಾ 6ರಿಂದಲೂ ಇದೆ, ಇಬ್ಬರ ಆವೃತ್ತಿಯಲ್ಲೂ ನಡೆಯುತ್ತದೆ.

ಅನಂತಪುರದ ಮೊಸಳೆ:
ಪೈವಳಿಕೆಯವರೇ, ಬಂದ್ಯೋಡಿನಲ್ಲೂ ಅದೇ ಓತ್ವ ಇದೆ. ಅದೇ ಫೈಲಿನಲ್ಲಿ, ಅದೇ ಕೀಲಿಮಣೆಯಲ್ಲಿ ಬರೆದದ್ದು. ಅದು ಹೊಂದಿದೆಯಲ್ಲ?

ಪೈವಳಿಕೆ:
ಒಂದೇ ಕೀಲಿಮಣೆ ಎಂದು ನಿಮಗೆ ಯಾರು ಹೇಳಿದರು? ಕಾಸರಗೋಡನ್ನು ಬೇರೆಲ್ಲಿಂದಲೋ ನಕಲು ಮಾಡಿ ಅಂಟಿಸಿರಬಹುದು. ನಾರ್ಮಲೈಸ್ ಮಾಡದ ಭಾರತೀಯ ಭಾಷೆಯ ಪ್ರೋಗ್ರಾಂ ಪ್ರೋಗ್ರಾಮೇ ಅಲ್ಲ.

ಚಂದ್ರಗಿರಿ ತೀರ:
"ಇಬ್ಬರ ಆವೃತ್ತಿಯಲ್ಲೂ ನಡೆಯುತ್ತದೆ" ಎನ್ನುವ ಧೋರಣೆಯೇ ಅಪಾಯ. ಹೊಸಬರಿಗೆ ಬೇಕಾದದ್ದು 8ರಲ್ಲಿ ಇಲ್ಲ. ನಲ್ ಪಾಯಿಂಟರ್ ಎಕ್ಸೆಪ್ಶನ್ (ನಲ್, ಅಂದರೆ ಏನೂ ಇಲ್ಲದ ಕಡೆ ಕೈ ಹಾಕಿದ ದೋಷ) ಬಂದರೆ ಜಾವಾ 8 ಸಾಲಿನ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿ ಇದ್ದರೆ ಯಾವುದು ನಲ್ ಎಂದು ಹುಡುಗರು ತಲೆ ಕೆರೆದುಕೊಳ್ಳುತ್ತಾ ಕೂರಬೇಕು. 2020ರ ಜಾವಾ 14ರಲ್ಲಿ ಯಾವ ಭಾಗ ನಲ್ ಎಂದು ಹೇಳುವ ಸೌಲಭ್ಯ ಬಂತು, 15ರಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ಟ್ರಿಮ್ ಸೋತ ಕಡೆ ಬಳಸಲು 11ರಲ್ಲಿ ಸ್ಟ್ರಿಪ್ ಬಂತು. ನಿಮ್ಮ 8ರಲ್ಲಿ ಅದೂ ಇಲ್ಲ.

ಬದಿಯಡ್ಕದ ಮಾಷ್ಟ್ರು:
"ತಲೆ ಕೆರೆದುಕೊಳ್ಳುತ್ತಾ" ಕೂರಲಿ, ಒಳ್ಳೆಯದೇ. ಒಂದು ಸಾಲಿನಲ್ಲಿ ನಾಲ್ಕು ಚುಕ್ಕಿ ಬರೆಯಬಾರದು ಎನ್ನುವುದು ಆಗಲೇ ತಲೆಗೆ ಹೋಗುವುದು. ಎಲ್ಲವನ್ನೂ ಯಂತ್ರವೇ ಹೇಳಿಕೊಟ್ಟರೆ ಮಾಷ್ಟ್ರು ಯಾಕೆ?

ಚಂದ್ರಗಿರಿ ತೀರ:
ಅದೇ ನನ್ನ ಪ್ರಶ್ನೆ ಕೂಡ.

ಬದಿಯಡ್ಕದ ಮಾಷ್ಟ್ರು:
ಮಾತು ಮೀರುತ್ತಿದೆ. ನಾನು ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಾ ಬಂದವನು. ಇಂಗ್ಲಿಷಿನಲ್ಲಿ ಉದ್ದುದ್ದ ಬರುವ ದೋಷದ ಸಂದೇಶಕ್ಕಿಂತ ಒಂದು ಸಾಲಿನ ಸಂಖ್ಯೆ ಆ ಮಕ್ಕಳಿಗೆ ಎಷ್ಟೋ ಮೇಲು. ಇದು ಬೆಂಗಳೂರಿನ ಹವಾನಿಯಂತ್ರಿತ ಕೋಣೆಗೆ ತಿಳಿಯುವ ವಿಷಯವಲ್ಲ.

ಚಂದ್ರಗಿರಿ ತೀರ:
ನಾನೂ ಗಡಿಯ ಈಚೆಯ ಕನ್ನಡ ಮಾಧ್ಯಮದವನೇ. ಮುಳ್ಳೇರಿಯದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಓದಿದವನು. ಕೋಣೆಯ ವಿಷಯ ಬಿಡಿ.

ಎಣ್ಮಕಜೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೇರಳದ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಮೊದಲೇ ಇರುತ್ತದೆ, ಜಾವಾ 8 ಕೂಡ ಈ ಫೈಲನ್ನು 9 ಎಂದೇ ಓದುತ್ತಿತ್ತು. ತಲಪಾಡಿ ದಾಟಿ ಕಾಲೇಜಿಗೆ ಹೋದ ಕೂಡಲೇ ವಿಂಡೋಸ್ ಕೊಡುತ್ತಾರೆ. ಜಾವಾ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಕ್ಲಾಸ್‌ಪಾಥಿನಲ್ಲಿ ಇಷ್ಟು ದಿನ ವಿವರಣ ಚಿಹ್ನೆ (:) ಹಾಕುತ್ತಿದ್ದವರು ಈಗ ಅರ್ಧವಿರಾಮ (;) ಹಾಕಬೇಕು. ಕ್ಲಾಸ್ ಸಿಗಲಿಲ್ಲ ಎಂದು ಅರ್ಧ ದಿನ ಅದರಲ್ಲೇ ಹೋಗುತ್ತದೆ. ಜಗಳ 8ರದ್ದೂ ಅಲ್ಲ, 21ರದ್ದೂ ಅಲ್ಲ, ವಿಂಡೋಸಿನದ್ದು.

ಬದಿಯಡ್ಕದ ಮಾಷ್ಟ್ರು:
"ಜಾವಾ 8 ಕೂಡ 9 ಎಂದೇ ಓದುತ್ತಿತ್ತು." ಎಲ್ಲರೂ ಓದಿಕೊಳ್ಳಿ. ನಾನು ಇಷ್ಟು ಹೊತ್ತು ಹೇಳುತ್ತಿದ್ದದ್ದು ಇದನ್ನೇ.

ಚಂದ್ರಗಿರಿ ತೀರ:
ಲಿನಕ್ಸಿನಲ್ಲಿ ಓದುತ್ತಿತ್ತು. ಪೂರ್ತಿ ವಾಕ್ಯ ಎತ್ತಿಕೊಳ್ಳಿ.

ಉಪ್ಪಳದವಳು:
ಸ್ಟ್ರಿಪ್ ಹಾಕಿ ನೋಡಿದೆ, ಈಗಲೂ 9. ನಾರ್ಮಲೈಜರ್ ಹಾಕಿದೆ, ಈಗಲೂ 9. ಎಲ್ಲವನ್ನೂ ನಾನೇ ಬೆರಳಚ್ಚು ಮಾಡಿದ್ದು, ಎಲ್ಲಿಂದಲೂ ನಕಲು ಮಾಡಿಲ್ಲ.

ಅನಂತಪುರದ ಮೊಸಳೆ:
ಆ ಸಾಲಿನ ಚಾರ್‌ಆಟ್ ಸೊನ್ನೆಯನ್ನು, ಅಂದರೆ ಮೊದಲ ಅಕ್ಷರವನ್ನು, ಇಂಟ್‌ಗೆ (ಸಂಖ್ಯೆಗೆ) ಬದಲಿಸಿ ಮುದ್ರಿಸಿ. "ಕ" ಆಗಿದ್ದರೆ 3221 ಬರಬೇಕು.

ಉಪ್ಪಳದವಳು:
65279 ಬಂತು.

ಅನಂತಪುರದ ಮೊಸಳೆ:
ಸಿಕ್ಕಿತು. ಅದು ಬಾಮ್, ಫೈಲಿನ ತಲೆಯಲ್ಲಿ ಕೂರುವ ಕಣ್ಣಿಗೆ ಕಾಣದ ಗುರುತು. ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆರಿಸಿದರೆ ಕೇಳದೆಯೇ ಇದನ್ನು ಸೇರಿಸುತ್ತಿತ್ತು. ವಿಂಡೋಸ್ 10ರ 1903ನೇ ಆವೃತ್ತಿಯಿಂದ ಅದಿಲ್ಲದೆ ಉಳಿಸುವುದೇ ರೂಢಿ. ಫೈಲಿಗೆ ಒಂದೇ ಸಲ ಬರುವುದರಿಂದ ಮೊದಲ ಸಾಲಿಗೆ ಮಾತ್ರ ತೊಂದರೆ. ಯುಟಿಎಫ್-8ರಲ್ಲಿ ಇದಕ್ಕೂ ಮೂರು ಬೈಟ್, ಹಾಗಾಗಿ ಲ್ಯಾಬಿನಲ್ಲಿ 27. ಟ್ರಿಮ್ ತೆಗೆಯುವುದು 32 ಮತ್ತು ಅದಕ್ಕಿಂತ ಕೆಳಗಿನ ಸಂಖ್ಯೆಯ ಅಕ್ಷರಗಳನ್ನು. ಸ್ಟ್ರಿಪ್ ಇದನ್ನು ಖಾಲಿ ಜಾಗವೆಂದೇ ಎಣಿಸುವುದಿಲ್ಲ. ಮೊದಲ ಸಾಲಿನ ಮೊದಲ ಅಕ್ಷರ 65279 ಆಗಿದ್ದರೆ ಅದನ್ನು ಬಿಟ್ಟು ಸಬ್‌ಸ್ಟ್ರಿಂಗ್ 1ರಿಂದ ತೆಗೆದುಕೊಳ್ಳಿ. ಇಲ್ಲವೇ ಫೈಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು ಬಾಮ್ ಇಲ್ಲದ ಯುಟಿಎಫ್-8 ಆಗಿ ಉಳಿಸಿ. ಲ್ಯಾಬಿನಲ್ಲಿ ಇದರ ಜೊತೆಗೆ ಮಾಷ್ಟ್ರು ಹೇಳಿದ ನ್ಯೂಬಫರ್ಡ್‌ರೀಡರ್ ಬೇಕು. ಜಾವಾ ಈ ಗುರುತನ್ನು ತಾನಾಗಿ ತೆಗೆಯುವುದಿಲ್ಲ, 8ರಲ್ಲೂ ಇಲ್ಲ, 21ರಲ್ಲೂ ಇಲ್ಲ. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಹಾಗೇ ಬಿಟ್ಟಿದ್ದಾರೆ.

ಉಪ್ಪಳದವಳು:
ಆಯಿತು! ಎಲ್ಲವೂ ಹೊಂದಿದವು. ತುಂಬಾ ಧನ್ಯವಾದ ಅಣ್ಣ.

ಪೈವಳಿಕೆ:
ಇದು ಕೂಡ ಯೂನಿಕೋಡಿನದೇ ಸಮಸ್ಯೆ ಎಂದು ನಾನು ಮೊದಲೇ ಹೇಳಿದ್ದೆ.

ಬದಿಯಡ್ಕದ ಮಾಷ್ಟ್ರು:
"ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು." ಜಾವಾ ಮಾಡುವವರಿಗೇ ಹಳೆಯದರ ಮೇಲೆ ಇಷ್ಟು ಗೌರವ ಇದೆ. ಇಲ್ಲಿ ಕೆಲವರಿಗೆ ಕಿತ್ತುಹಾಕುವ ಆತುರ.

ಚಂದ್ರಗಿರಿ ತೀರ:
ಹಳೆಯದರ ಗೌರವಕ್ಕೇ ಅಲ್ಲವೇ ಈ ಹುಡುಗಿ ಇಷ್ಟು ಹೊತ್ತು ಪರದಾಡಿದ್ದು? ಹಳೆಯ ವಿಂಡೋಸ್, ಹಳೆಯ ನೋಟ್‌ಪ್ಯಾಡ್, ಹಳೆಯ ಜಾವಾ. ಇನ್ನೊಂದು ಬರೆದಿಟ್ಟುಕೊಳ್ಳಿ: ಇವರು ಮನೆಯ 21ರಲ್ಲಿ ಕಂಪೈಲ್ ಮಾಡಿದ ಕ್ಲಾಸ್ ಫೈಲನ್ನು ನಾಳೆ ಪೆನ್‌ಡ್ರೈವಿನಲ್ಲಿ ಒಯ್ದು ಲ್ಯಾಬಿನಲ್ಲಿ ಓಡಿಸಿದರೆ ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎಂದು ಮುಖಕ್ಕೆ ಹೊಡೆಯುತ್ತದೆ. 21ರ ಗುರುತು 65, ಜಾವಾ 8 ಒಪ್ಪುವುದು 52ರವರೆಗೆ ಮಾತ್ರ.

ಬದಿಯಡ್ಕದ ಮಾಷ್ಟ್ರು:
ಮನೆಯಲ್ಲೂ 8 ಇದ್ದಿದ್ದರೆ ಆ ದೋಷ ಬರುತ್ತಲೇ ಇರಲಿಲ್ಲ. ನನ್ನ ವಾದವನ್ನು ನೀವೇ ಗೆಲ್ಲಿಸುತ್ತಿದ್ದೀರಿ.

ಎಣ್ಮಕಜೆ:
21ರ ಕಂಪೈಲರ್ ಆದ ಜಾವಾಸಿಯಲ್ಲಿ ರಿಲೀಸ್ 8 ಎಂದು ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಲ್ಯಾಬಿನಲ್ಲೂ ಓಡುತ್ತದೆ. ಹಳತಾಯಿತೆಂದು ಒಂದು ಎಚ್ಚರಿಕೆ ಕೊಡುತ್ತದೆ, ಅಷ್ಟೇ.

ಚಂದ್ರಗಿರಿ ತೀರ:
"ಹಳತಾಯಿತೆಂದು ಎಚ್ಚರಿಕೆ." ಕಂಪೈಲರಿಗೂ ಗೊತ್ತು.

ಉಪ್ಪಳದವಳು:
ಇನ್ನೊಂದು ಸಣ್ಣ ಪ್ರಶ್ನೆ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ಸ್ಕ್ಯಾನರಿನಲ್ಲಿ ನೆಕ್ಸ್ಟ್‌ಇಂಟ್ ಬಳಸಿ ಟಿಕೆಟ್ಟಿನ ಸಂಖ್ಯೆ ಕೇಳಿ, ಆಮೇಲೆ ನೆಕ್ಸ್ಟ್‌ಲೈನ್ ಬಳಸಿ ಪ್ರಯಾಣಿಕರ ಹೆಸರು ಕೇಳಿದರೆ ಹೆಸರು ಖಾಲಿಯಾಗಿ ಬರುತ್ತದೆ.

ಅನಂತಪುರದ ಮೊಸಳೆ:
ನೆಕ್ಸ್ಟ್‌ಇಂಟ್ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ನೀವು ಒತ್ತಿದ ಎಂಟರನ್ನು ಅಲ್ಲೇ ಬಿಡುತ್ತದೆ. ಮುಂದಿನ ನೆಕ್ಸ್ಟ್‌ಲೈನ್ ಆ ಉಳಿಕೆಯನ್ನೇ ಓದಿ ಮುಗಿಸುತ್ತದೆ. ಎರಡನ್ನೂ ನೆಕ್ಸ್ಟ್‌ಲೈನಿನಲ್ಲೇ ಓದಿ, ಸಂಖ್ಯೆಯ ಪಠ್ಯವನ್ನು ಪಾರ್ಸ್‌ಇಂಟ್ ಬಳಸಿ ಸಂಖ್ಯೆಯಾಗಿ ಮಾಡಿ. ಎಲ್ಲ ಆವೃತ್ತಿಗಳಲ್ಲೂ ಹೀಗೇ, ದಯವಿಟ್ಟು ಯಾರೂ ಶುರು ಮಾಡಬೇಡಿ.

ಬದಿಯಡ್ಕದ ಮಾಷ್ಟ್ರು:
ಶುರು ಮಾಡಿದ್ದು ನಾನಲ್ಲ. ಲ್ಯಾಬಿಗೆ ಹೊಸ ಯಂತ್ರ ಕೊಡಿಸುವವರು ಯಾರು ಎಂದು ಚಂದ್ರಗಿರಿಯವರು ಇನ್ನೂ ಹೇಳಿಲ್ಲ.

ಚಂದ್ರಗಿರಿ ತೀರ:
ಹಣದ ಬೆಂಬಲವನ್ನು ಯಾರು ಕೊಳ್ಳುತ್ತಿದ್ದಾರೆ ಎಂದು ಮಾಷ್ಟ್ರೂ ಹೇಳಿಲ್ಲ.