ಮಳೆಗಾಲದಲ್ಲಿ ಗೋಬರ್ ಗ್ಯಾಸ್ ಇಪ್ಪತ್ತೇ ನಿಮಿಷ ಉರಿಯುತ್ತದೆ. ಗುಂಡಿ ಮುಚ್ಚುವುದಾ, ಉಳಿಸುವುದಾ?

ತೋಟದಮನೆ (ಶಿರಸಿ ಕಡೆ):

ಅಪ್ಪ 1996ರಲ್ಲಿ ಕಟ್ಟಿಸಿದ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ನಮ್ಮಲ್ಲಿದೆ. 2 ಘನ ಮೀಟರಿನದು. ಆಗ ಕೊಟ್ಟಿಗೆಯಲ್ಲಿ ಏಳು ದನ ಇದ್ದವು. ಈಗ ಒಂದು ಜರ್ಸಿ ಕ್ರಾಸ್, ಎರಡು ಮಲೆನಾಡು ಗಿಡ್ಡ, ಒಂದು ಕರು. ನಾನು ಬೆಂಗಳೂರು ಬಿಟ್ಟು ಊರಿಗೆ ಬಂದು ಐದು ವರ್ಷ ಆಯಿತು. ಅಪ್ಪ ಇಲ್ಲ, ಹಾಗಾಗಿ ಗುಂಡಿಯ ಉಸ್ತುವಾರಿ ನನ್ನದು.

ಬೇಸಿಗೆಯಲ್ಲಿ ಒಂದು ಮಾತು ಆಡುವ ಹಾಗಿಲ್ಲ. ತಿಂಡಿ, ಚಾ, ಮಧ್ಯಾಹ್ನದ ಅನ್ನ ಎಲ್ಲಾ ಇದರಲ್ಲೇ. ಆಷಾಢ ಬಂತು ಅಂದರೆ ರಗಳೆ ಶುರು. ಬೆಳಿಗ್ಗೆ ಒಲೆ ಹಚ್ಚಿದಾಗ ಉರಿ ಚೆನ್ನಾಗಿಯೇ ಏಳುತ್ತದೆ. ಎಂಟೋ ಹತ್ತೋ ತೆಳ್ಳೇವು (ತೆಳು ದೋಸೆ) ಆಗುವಷ್ಟರಲ್ಲಿ ಭುಕ್ ಭುಕ್ ಅಂತ ಕುಣಿಯುತ್ತದೆ. ಆಮೇಲೆ ಕಾವಲಿ ಮೇಲೆ ಹಿಟ್ಟು ಇರುವಾಗಲೇ ಆರಿಹೋಗುತ್ತದೆ. ಆಯಿ ಏನೂ ಹೇಳದೆ ಕಾವಲಿ ಎತ್ತಿ ಸಿಲಿಂಡರ್ ಒಲೆಗೆ ಇಡುತ್ತಾಳೆ. ಬೈದಿದ್ದರೆ ವಾಸಿ ಇತ್ತು.

ಪೇಟೆಯಿಂದ ಒಬ್ಬರನ್ನು ಕರೆಸಿದ್ದೆ. ಗುಂಡಿ ಕಡೆ ಸರಿಯಾಗಿ ಇಣುಕಲೂ ಇಲ್ಲ. "ಡೋಮ್ (ಗುಂಡಿಯ ಮೇಲಿನ ಗುಮ್ಮಟ) ಬಿರುಕು ಬಿಟ್ಟಿದೆ, ಇದನ್ನು ಬಿಟ್ಟು ರೆಡಿಮೇಡ್ ಟ್ಯಾಂಕ್ ಹಾಕಿಸಿ" ಅಂದರು. ಅವರು ಹೇಳಿದ ರೇಟಿಗೆ ಒಂದು ಒಳ್ಳೆಯ ಆಕಳೇ ಬರುತ್ತದೆ. ಹೆಂಡತಿ ಇಂಡಕ್ಷನ್ ಒಲೆ ತಂದು ಮುಗಿಸಿ ಅನ್ನುತ್ತಿದ್ದಾಳೆ. ಸಗಣಿ ಕಡಿಮೆ ಆಗಿದ್ದಕ್ಕೆ ಹೀಗಾ? ಚಳಿಗಾ? ಅಥವಾ ನಿಜವಾಗಿಯೂ ಬಿರುಕಾ? ಗುಂಡಿ ಇಟ್ಟುಕೊಂಡವರು ಹೇಳಿ.

ಸಾಗರದ ಸಗಣಿಪ್ರಿಯ:

ಒಡೆಯಬೇಡಿ ಮಾರಾಯ್ರೆ, ಸ್ವಲ್ಪ ತಡೆಯಿರಿ. ನಮ್ಮಲ್ಲೂ ದೀನಬಂಧುವೇ, 3 ಘನ ಮೀಟರಿನದು. ಮೂರು ಸಲ ಇದೇ ತಲೆನೋವು ಅನುಭವಿಸಿದ್ದೇನೆ.

ಮೊದಲು ಸಗಣಿ ತೂಗಿ. ಅಡಿಕೆ ತೂಗುವ ತಕ್ಕಡಿ ಇರುತ್ತದಲ್ಲ, ಅದರಲ್ಲೇ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಹಸಿ ಸಗಣಿ ಬೇಕು ಅನ್ನುವುದು ಲೆಕ್ಕ. ನಿಮ್ಮ ನಾಲ್ಕು ದನಗಳಿಂದ, ಅದರಲ್ಲೂ ಗಿಡ್ಡ ದನಗಳಿಂದ, ಅಷ್ಟು ಬರುವುದಿಲ್ಲ. ಇರಲಿ. ಒಂದು ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಮನೆ ಒಲೆ ಗಂಟೆಗೆ 450 ಲೀಟರ್ ಆಸುಪಾಸು ಕುಡಿಯುತ್ತದೆ. ಅಂದರೆ 30 ಕಿಲೋ ಹಾಕಿದರೂ ಎರಡೂವರೆ ಗಂಟೆ ಉರಿಯಬೇಕು. ಚಳಿಗೆ ಅರ್ಧಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳಿ, ಗಂಟೆಗಿಂತ ಜಾಸ್ತಿಯೇ ಬರಬೇಕು. ನಿಮಗೆ ಬರುತ್ತಿರುವುದು ಇಪ್ಪತ್ತು ನಿಮಿಷ. ಹಾಗಾಗಿ ಬರೀ ಸಗಣಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಬಿರುಕು ಇದೆಯೋ ಇಲ್ಲವೋ ಅಂತ ನೋಡಲು ಯಾರನ್ನೂ ಕರೆಸಬೇಕಾಗಿಲ್ಲ. ದೀನಬಂಧುವಿನಲ್ಲಿ ಹಳೇ ಮಾದರಿಯ ಹಾಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಡ್ರಮ್ ಇಲ್ಲ. ಗ್ಯಾಸ್ ಡೋಮಿನಲ್ಲಿ ತುಂಬಿದ ಹಾಗೆ ಸ್ಲರಿಯನ್ನು (ಕಲಸಿದ ಸಗಣಿ ನೀರನ್ನು) ಕೆಳಕ್ಕೆ ಒತ್ತುತ್ತದೆ, ಆ ಸ್ಲರಿ ಔಟ್‌ಲೆಟ್ ತೊಟ್ಟಿಯಲ್ಲಿ ಮೇಲೆ ಏರುತ್ತದೆ. ಒಲೆ ಹಚ್ಚಿದರೆ ಇಳಿಯುತ್ತದೆ. ಅದೇ ನಿಮ್ಮ ಮೀಟರು. ಸಂಜೆ ಅಡುಗೆ ಮುಗಿದ ಮೇಲೆ ಡೋಮಿನ ಮೇಲಿನ ವಾಲ್ವ್ ಬಂದ್ ಮಾಡಿ. ತೊಟ್ಟಿಯಲ್ಲಿ ಒಂದು ಕೋಲು ನಿಲ್ಲಿಸಿ, ಸ್ಲರಿ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ. ರಾತ್ರಿ ಮಳೆ ನೀರು ತೊಟ್ಟಿಗೆ ಬೀಳದ ಹಾಗೆ ಮುಚ್ಚಿಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಮಟ್ಟ ಚೆನ್ನಾಗಿ ಏರಿದ್ದರೆ ನಿಮ್ಮ ಅಪ್ಪ ಕಟ್ಟಿಸಿದ ಡೋಮ್ ಗಟ್ಟಿ ಇದೆ ಅಂತ ಅರ್ಥ. ಏರದೇ ಇದ್ದರೆ ಆಮೇಲೆ ಬಿರುಕಿನ ಮಾತು.

ಭುಕ್ ಭುಕ್ ಅಂದಿರಲ್ಲ, ನನಗೆ ಅಲ್ಲೇ ಅನುಮಾನ ಬಂತು. ಅದು ಪೈಪಿನಲ್ಲಿ ನೀರು ನಿಂತ ಲಕ್ಷಣ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ತೇವ ತುಂಬಿರುತ್ತದೆ. ಮಳೆಗೆ ಪೈಪು ತಣ್ಣಗಾದಾಗ ಒಳಗೆ ಬೆವರುತ್ತದೆ. ಆ ನೀರು ಪೈಪು ಜೋತುಬಿದ್ದ ಜಾಗದಲ್ಲಿ ಸೇರಿಕೊಳ್ಳುತ್ತದೆ. ಒತ್ತಡ ಜಾಸ್ತಿ ಇರುವಾಗ ಗ್ಯಾಸ್ ನೀರನ್ನು ತಳ್ಳಿಕೊಂಡು ಬರುತ್ತದೆ, ಇಳಿದ ಮೇಲೆ ಆಗುವುದಿಲ್ಲ. ಗುಂಡಿಯಲ್ಲಿ ಗ್ಯಾಸ್ ಇದ್ದೂ ಒಲೆ ಆರುತ್ತದೆ.

ಪೈಪು ಬಿಚ್ಚುವಾಗ ವಾಲ್ವ್ ಬಂದ್ ಇರಲಿ, ಹತ್ತಿರ ಬೀಡಿ ಸೇದುವವರು ಬೇಡ. ಗುಂಡಿಯೊಳಗೆ ಮಾತ್ರ ಯಾರೂ ಇಳಿಯಬೇಡಿ. ಖಾಲಿ ಮಾಡಿದ ಗುಂಡಿಯಲ್ಲೂ ವಿಷಗಾಳಿ ಇರುತ್ತದೆ, ಇಳಿದು ಸತ್ತವರಿದ್ದಾರೆ.

ಬಿಸಿಲುಕುದುರೆ (ತುಮಕೂರು):

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸುಟ್ಟರೆ ಸರಿ, ಹಸು ತಿಂದ ಹುಲ್ಲಿನ ಇಂಗಾಲವೇ ಗಾಳಿಗೆ ವಾಪಸ್ ಹೋಗುತ್ತದೆ. ಸುಡದೆ ಬಿಟ್ಟರೆ? ಬಳಸದ ಗುಂಡಿಯಲ್ಲಿ ಗ್ಯಾಸ್ ಹೆಚ್ಚಾಗಿ ಔಟ್‌ಲೆಟ್‌ನಲ್ಲಿ ಗುಳುಗುಳು ಅಂತ ಹೊರಗೆ ಬರುತ್ತದೆ. ಅರ್ಧಂಬರ್ಧ ನಡೆಯುವ ಗುಂಡಿಗಿಂತ ಪೂರ್ತಿ ನಿಲ್ಲಿಸುವುದು ಒಳ್ಳೆಯದು. ಚಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ. ನಿಮ್ಮ ಮನೆಯವರ ಇಂಡಕ್ಷನ್ ಒಲೆಯೂ ಬಂತು, ಸಗಣಿ ಕಲಸುವ ಕೆಲಸವೂ ತಪ್ಪಿತು.

ಹಟ್ಟಿಯೊಡತಿ (ಸುಳ್ಯ):

ಬಿಸಿಲುಕುದುರೆಯವರೇ, ಮೀಥೇನ್ ಮಾತು ಒಪ್ಪಿದೆ. ಆದರೆ ತುಮಕೂರಿನ ಬಿಸಿಲನ್ನು ನಮ್ಮ ಕಡೆಗೆ ಪಾರ್ಸೆಲ್ ಮಾಡಿ, ಆಮೇಲೆ ಮಾತಾಡೋಣ. ನಮ್ಮ ಮನೆ ಮಾಡಿನ ಮೇಲೂ ಸೋಲಾರ್ ಇದೆ. ಏಪ್ರಿಲ್‌ನಲ್ಲಿ ನೋಡಿದರೆ ಖುಷಿ. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಅದೂ ಕಣ್ಣು ಮುಚ್ಚುತ್ತದೆ. ಲೈನಿನಲ್ಲಿ ಕರೆಂಟು ಇಲ್ಲದಾಗ ಆನ್‌ಗ್ರಿಡ್ ಇನ್ವರ್ಟರ್ (ಸೋಲಾರನ್ನು ಲೈನಿಗೆ ಜೋಡಿಸುವ ಪೆಟ್ಟಿಗೆ) ತಾನೇ ನಿಂತುಬಿಡುತ್ತದೆ, ಕಂಬದ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ. ಬ್ಯಾಟರಿ ಇದ್ದರೆ ಬೇರೆ ಮಾತು. ಆ ಎರಡು ದಿನ ನಮಗೆ ಗಂಜಿ ಬೇಯಿಸಿದ್ದು ಹಟ್ಟಿಯ ಗ್ಯಾಸೇ. ಮತ್ತೆ ಗುಂಡಿ ಮುಚ್ಚಿದರೆ ದನಗಳೇನು ಸಗಣಿ ಹಾಕುವುದು ಬಿಡುತ್ತವಾ? ತೋಟಕ್ಕೆ ಸ್ಲರಿ ಎಲ್ಲಿಂದ ತರುವುದು?

ತೋಟದಮನೆಯವರಿಗೆ ಎರಡು ಮಾತು. ಹಟ್ಟಿ ಮಾಡಿನ ನೀರು ಎಲ್ಲಿ ಬೀಳುತ್ತದೆ ನೋಡಿ. ನಮ್ಮಲ್ಲಿ ಸೀದಾ ಸಗಣಿ ಕಲಸುವ ತೊಟ್ಟಿಗೆ ಬೀಳುತ್ತಿತ್ತು. ಸಗಣಿಯಷ್ಟೇ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕಾದ್ದು ಮಜ್ಜಿಗೆ ಆಗಿ ಒಳಗೆ ಹೋಗುತ್ತಿತ್ತು. ಸಗಣಿ ಒಳಗೆ 40-50 ದಿನ ಇದ್ದು ಗ್ಯಾಸ್ ಕೊಡಬೇಕು. ನೀರು ಜಾಸ್ತಿ ಆದರೆ ಕೊಡುವ ಮೊದಲೇ ಹೊರಗೆ ಬರುತ್ತದೆ. ಇನ್ನೊಂದು, ಹಟ್ಟಿಗೆ ಫಿನಾಯಿಲ್ ಹಾಕಿ ತೊಳೆದ ನೀರನ್ನು ಗುಂಡಿಗೆ ಬಿಡಬೇಡಿ. ಗ್ಯಾಸ್ ಮಾಡುವ ಜೀವಾಣುಗಳು ಸಾಯುತ್ತವೆ. ನಮ್ಮತ್ತೆ ಒಂದು ಸಲ ಚೊಕ್ಕ ಮಾಡಲು ಹೋಗಿ ಒಂದೂವರೆ ತಿಂಗಳು ಸೌದೆ ಊದಿದ್ದೇವೆ.

ತೋಟದಮನೆ:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ಸಗಣಿ ತೂಗಿದೆ. ಮೊದಲ ದಿನ 31 ಕಿಲೋ, ಮರುದಿನ 29. ನಮ್ಮಲ್ಲಿ ಮಳೆಗಾಲಕ್ಕೆ ಕೊಟ್ಟಿಗೆಗೆ ಬೆಟ್ಟದ ಸೊಪ್ಪು ಹಾಸುತ್ತೇವೆ. ಸೊಪ್ಪಿಗೆ ಹತ್ತಿದ ಸಗಣಿ ಗೊಬ್ಬರಗುಂಡಿಗೇ ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ.

ಕೋಲಿನ ಪರೀಕ್ಷೆಯೂ ಆಯಿತು. ಸಂಜೆ ಏಳಕ್ಕೆ ಇದ್ದಿಲಲ್ಲಿ ಗೆರೆ ಎಳೆದು, ತೊಟ್ಟಿಗೆ ತಗಡು ಮುಚ್ಚಿದೆ. ಬೆಳಿಗ್ಗೆ ಆರಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಗೆರೆ ಕಾಣುತ್ತಲೇ ಇಲ್ಲ. ಸ್ಲರಿ ಅದರ ಮೇಲೆ ಒಂದು ಗೇಣು ಬಂದಿತ್ತು. ಡೋಮ್ ಬಿರುಕು ಬಿಟ್ಟಿದೆ ಅಂದವರನ್ನು ಅಲ್ಲೇ ನೆನೆಸಿಕೊಂಡೆ.

ಆಮೇಲೆ ಪೈಪಿನ ಗುಂಟ ನಡೆದೆ. ಗುಂಡಿಯಿಂದ ಅಡುಗೆಮನೆಗೆ ಕಪ್ಪು ಪೈಪು, ಅಡಿಕೆ ದಬ್ಬೆ ಕಟ್ಟಿದ ಕಂಬಗಳ ಮೇಲೆ ಬರುತ್ತದೆ. ಬಚ್ಚಲಿನ ಹಿಂದೆ ಒಂದು ಕಂಬ ಬುಡದಲ್ಲಿ ಕೊಳೆತು ವಾಲಿದೆ. ಪೈಪು ಅಲ್ಲಿ ತೊಟ್ಟಿಲ ಹಾಗೆ ಜೋತುಬಿದ್ದಿತ್ತು. ಆಯಿ ಅದರ ಮೇಲೆ ಒದ್ದೆ ಗೋಣಿಚೀಲ ಬೇರೆ ಒಣಹಾಕಿದ್ದಳು. ವಾಲ್ವ್ ಬಂದ್ ಮಾಡಿ, ಒಲೆ ಕಡೆಯ ತುದಿ ಬಿಚ್ಚಿ, ಜೋತ ಜಾಗವನ್ನು ಮೇಲೆತ್ತಿದೆ. ಮೊದಲು ಗೊರಗೊರ ಸದ್ದು. ಆಮೇಲೆ ಕೊಳೆತ ಮೊಟ್ಟೆಯ ವಾಸನೆಯ ನೀರು ಬಂತು. ಚೊಂಬು ಹಿಡಿದರೆ ಒಂದು ತುಂಬಿ ಇನ್ನೊಂದು ಅರ್ಧ ಆಯಿತು.

ನಿನ್ನೆ ಬೆಳಿಗ್ಗೆ ಒಂದು ಗಂಟೆ ಹತ್ತು ನಿಮಿಷ ಉರಿಯಿತು. ಕೊನೆಯ ತೆಳ್ಳೇವು ಇದರಲ್ಲೇ ಆಯಿತು. ಹೆಂಡತಿ ಇಂಡಕ್ಷನ್ ವಿಚಾರ ದೀಪಾವಳಿಗೆ ಮುಂದೂಡಿದ್ದಾಳೆ, ಬಿಟ್ಟಿಲ್ಲ.

ಕೊಟ್ಟಿಗೆ ಮಾಡಿನ ನೀರು ನಮ್ಮಲ್ಲೂ ತೊಟ್ಟಿಯ ಅಂಚಿಗೇ ಬೀಳುತ್ತಿದೆ. ಅದಕ್ಕೆ ಅಡಿಕೆ ಮರದ ದೋಣಿ ಕಟ್ಟಬೇಕು. ಸಗಣಿಪ್ರಿಯರಿಗೆ ಒಂದು ಪ್ರಶ್ನೆ: ಪೈಪಿನ ತಗ್ಗಿನಲ್ಲಿ ನೀರು ತೆಗೆಯಲು ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಮತ್ತು ನಲ್ಲಿ ಕೂರಿಸಿದರೆ ಸಾಕಾ? ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು? ಆಯಿ ಆಗಲೇ ಹೇಳಿಬಿಟ್ಟಿದ್ದಾಳೆ, ಆ ನಾತದ ನೀರಿನ ಕೆಲಸ ತನ್ನದಲ್ಲ ಅಂತ.

ಸಾಗರದ ಸಗಣಿಪ್ರಿಯ:

ಟೀ, ನಲ್ಲಿ ಸಾಕು. ಪೈಪಿನ ಎರಡೂ ಕಡೆ ಆ ತಗ್ಗಿನ ಕಡೆಗೇ ಇಳಿಜಾರು ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ನಾನು ಭಾನುವಾರ ತೆಗೆಯುತ್ತೇನೆ. ಗೋಣಿಚೀಲಕ್ಕೆ ಬೇರೆ ತಂತಿ ಕಟ್ಟಿಕೊಡಿ.